ಅಳತೆ ತಪ್ಪಿದ ರಸ್ತೆ ಉಬ್ಬು

ರಸ್ತೆಗೆ ಅಡ್ಡಲಾಗಿ ಹಾಕುವ ಉಬ್ಬು ಮಾಡಬೇಕಾದ ಕೆಲಸ ಇಷ್ಟೇ: ಜೋರಾಗಿ ಬರುವ ವಾಹನವನ್ನು ನಿಧಾನಗೊಳಿಸಬೇಕು, ಮೊದಲೇ ನಿಧಾನವಾಗಿ ಬರುತ್ತಿರುವ ವಾಹನವನ್ನು ಸಲೀಸಾಗಿ ದಾಟಿಸಬೇಕು. ಬೀದರ್ ನಗರದ ಬಡಾವಣೆಗಳಲ್ಲಿ, ಭಾಲ್ಕಿ ಮತ್ತು ಔರಾದ್ ಪಟ್ಟಣಗಳ ಒಳರಸ್ತೆಗಳಲ್ಲಿ, ಇವುಗಳ ನಡುವಿನ ದಾರಿಯಲ್ಲಿ ಸಿಗುವ ಊರುಗಳಲ್ಲಿ ಕಣ್ಣಳತೆಯಲ್ಲೇ ಹಾಕಿದ ಉಬ್ಬುಗಳು ಮೊದಲ ಕೆಲಸವನ್ನು ಅರೆಬರೆ ಮಾಡುತ್ತವೆ, ಎರಡನೆಯದನ್ನು ಮಾಡುವುದೇ ಇಲ್ಲ. ಕಿರಿದಾದ, ಎತ್ತರದ ದಿಬ್ಬದ ಪೆಟ್ಟು ಹೆಚ್ಚಾಗಿ ಬೀಳುವುದು ಬೈಕಿನ ಹಿಂದೆ ಕುಳಿತ ಹೆಂಗಸಿಗೆ, ಬಸ್ಸಿನ ಕೊನೆಯ ಸೀಟಿನ ಮುದುಕರಿಗೆ, ಆಂಬುಲೆನ್ಸ್‌ನಲ್ಲಿ ಮಲಗಿಸಿದ ರೋಗಿಗೆ. ದೊಡ್ಡ ಗಾಲಿಯ ಗಾಡಿಯಲ್ಲಿ ನುಗ್ಗಿ ಹೋಗುವವನಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಯಾರನ್ನು ತಡೆಯಬೇಕೋ ಅವರನ್ನು ಬಿಟ್ಟು ಉಳಿದವರನ್ನು ದಂಡಿಸುವ ಈ ತಿರುವುಮುರುವಿಗೆ ಕಾರಣ ಉಬ್ಬಿನ ಅಳತೆ, ಅದರ ಜಾಗ ಮತ್ತು ಅದನ್ನು ಹಾಕಿದ ರೀತಿ.

ಉಬ್ಬುಗಳೇ ಬೇಡ ಎನ್ನುವ ವಾದಕ್ಕೆ ಆಧಾರವಿಲ್ಲ. ಸರಾಸರಿ ವೇಗ ಶೇ 5ರಷ್ಟು ತಗ್ಗಿದರೆ ಸಾವು ಸಂಭವಿಸುವ ಅಪಘಾತಗಳು ಶೇ 30ರಷ್ಟು ತಗ್ಗಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದ ಓಕ್‌ಲ್ಯಾಂಡ್ ನಗರದ ಮಕ್ಕಳ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮನೆಯ ಹತ್ತಿರ ಉಬ್ಬು ಇರುವ ಮಕ್ಕಳು ತಮ್ಮ ಓಣಿಯಲ್ಲಿ ವಾಹನಕ್ಕೆ ಸಿಕ್ಕಿ ಗಾಯಗೊಳ್ಳುವ ಅಥವಾ ಸಾಯುವ ಸಂಭವ ಉಳಿದ ಮಕ್ಕಳಿಗಿಂತ ಅರ್ಧಕ್ಕೂ ಕಡಿಮೆ. ಆಫ್ರಿಕಾದ ಘಾನಾ ದೇಶದ ಅಕ್ರಾ–ಕುಮಾಸಿ ಹೆದ್ದಾರಿಯಲ್ಲಿ ಸುಹುಮ್ ಎಂಬ ಕೂಡುರಸ್ತೆಯ ಬಳಿ ಸಾಲು ಉಬ್ಬುಪಟ್ಟಿಗಳನ್ನು ಹಾಕಿದ ಮೇಲೆ ಅಪಘಾತಗಳು ಸುಮಾರು ಮೂರನೇ ಒಂದರಷ್ಟು ಇಳಿದವು, ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಹೀಗಿರುವಾಗ ಶಾಲೆಯ ಗೇಟಿನ ಮುಂದೆ ಬ್ರೇಕರ್ ಬೇಕೆಂದು ಪಾಲಕರು ಕೇಳುವುದು ನ್ಯಾಯವಾದದ್ದೇ. ಅವರ ಬೇಡಿಕೆಗೆ ಸಿಗುವ ಉತ್ತರ ಮಾತ್ರ ಸರಿಯಾಗಿಲ್ಲ.

ಉಬ್ಬಿನ ಆಕಾರವನ್ನು ಲೆಕ್ಕ ಹಾಕಿ ನಿರ್ಧರಿಸಬೇಕು ಎಂಬ ತಿಳಿವಳಿಕೆ ಹೊಸದಲ್ಲ. 1927ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಆರ್ಥರ್ ಕಾಂಪ್ಟನ್, ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದಾಗ ಅಲ್ಲಿನ ವಾಹನಗಳ ಓಟವನ್ನು ಹಿಡಿತಕ್ಕೆ ತರಲು 1953ರಲ್ಲಿ ದಿಬ್ಬವೊಂದನ್ನು ರೂಪಿಸಿದ್ದರು. ಇಂದಿನ ಅಳತೆ ಬಂದದ್ದು ಬ್ರಿಟನ್ನಿನಿಂದ. ಅಲ್ಲಿನ ಸಾರಿಗೆ ಮತ್ತು ರಸ್ತೆ ಸಂಶೋಧನಾ ಪ್ರಯೋಗಾಲಯದಲ್ಲಿ ಜಿ. ಆರ್. ವಾಟ್ಸ್ ಬೇರೆ ಬೇರೆ ಆಕಾರದ ಉಬ್ಬುಗಳ ಮೇಲೆ ವಾಹನ ಓಡಿಸಿ ಪರೀಕ್ಷಿಸಿದರು. ವಾಹನ ಸಾಗುವ ದಿಕ್ಕಿನಲ್ಲಿ ಸುಮಾರು 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ ಇರುವ ಕಮಾನಿನಾಕಾರದ ಉಬ್ಬು 1973ರಲ್ಲಿ ಅವರು ಕೊಟ್ಟ ಉತ್ತರ. ಭಾರತದಲ್ಲಿ ರಸ್ತೆಗಳ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರ ಐಆರ್‌ಸಿ-99 ಮಾರ್ಗಸೂಚಿಯಲ್ಲಿ ಇದೇ ಅಳತೆಯನ್ನು ತೆಗೆದುಕೊಂಡಿತು: 17 ಮೀಟರ್ ತ್ರಿಜ್ಯದ ಕಮಾನು, 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವವರಿಗೆ ತೊಂದರೆಯಾಗದಂತೆ ಮಾಡಿದ ಲೆಕ್ಕ ಅದು. ಬಸ್ಸು, ಲಾರಿ ಹೆಚ್ಚು ಓಡಾಡುವ ಕಡೆ ಎರಡೂ ಅಂಚಿಗೆ 1.5 ಮೀಟರ್ ಉದ್ದದ ಇಳಿಜಾರು ಸೇರಿಸಬೇಕು. ಈ ಮಾರ್ಗಸೂಚಿ 2018ರಲ್ಲಿ ಪರಿಷ್ಕರಣೆಯಾಗಿ ವಾಹನ ವೇಗ ತಗ್ಗಿಸುವ ಇತರ ಬಗೆಗಳನ್ನೂ ಒಳಗೊಂಡಿತು.

ಓಣಿಯಲ್ಲಿ ಕಾಣುವ ಉಬ್ಬನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಎರಡಡಿ ಅಗಲ, ಅರ್ಧ ಅಡಿ ಎತ್ತರದ ದಿಬ್ಬ ಎಂದುಕೊಳ್ಳೋಣ. ಗಾಲಿ ಒಂದಡಿ ಮುಂದೆ ಸರಿಯುವಷ್ಟರಲ್ಲಿ ಅರ್ಧ ಅಡಿ ಮೇಲೇರಬೇಕು. ಪ್ರಮಾಣಿತ ಉಬ್ಬಿನಲ್ಲಿ 10 ಸೆಂ.ಮೀ. ಏರಲು ಗಾಲಿಗೆ 185 ಸೆಂ.ಮೀ. ದಾರಿ ಸಿಗುತ್ತದೆ. ಮೊದಲನೆಯದು ಎರಡಕ್ಕೆ ಒಂದರ ಏರು, ಎರಡನೆಯದು ಹದಿನೆಂಟಕ್ಕೆ ಒಂದರ ಏರು. ಕಾಲದ ಲೆಕ್ಕದಲ್ಲೂ ಹೀಗೆಯೇ. ಗಂಟೆಗೆ 25 ಕಿ.ಮೀ. ವೇಗದ ಗಾಲಿ ಪ್ರಮಾಣಿತ ಉಬ್ಬನ್ನು ದಾಟಲು ಅರ್ಧ ಸೆಕೆಂಡು ತೆಗೆದುಕೊಂಡರೆ, ಎರಡಡಿಯ ದಿಬ್ಬವನ್ನು ಸೆಕೆಂಡಿನ ಹನ್ನೊಂದರಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ ಏರಿ ಇಳಿದು ಮುಗಿಸುತ್ತದೆ. ಸಣ್ಣ ಕಾರುಗಳ ತಳ ನೆಲದಿಂದ 16–18 ಸೆಂ.ಮೀ. ಮೇಲಿರುತ್ತದೆ. ನಾಲ್ಕೈದು ಜನ ಕುಳಿತಾಗ ಅದು ಇನ್ನೂ ತಗ್ಗಿ, ಅರ್ಧ ಅಡಿಯ ದಿಬ್ಬಕ್ಕೆ ಉಜ್ಜಿಕೊಂಡೇ ಹೋಗುತ್ತದೆ. ಅಂಥ ಉಬ್ಬಿನ ನೆತ್ತಿಯಲ್ಲಿ ಉದ್ದುದ್ದ ಗೀರುಗಳು ಬಿದ್ದಿರುತ್ತವೆ, ಅಕ್ಕಪಕ್ಕದಲ್ಲಿ ಎಂಜಿನ್ ಎಣ್ಣೆಯ ಕಲೆ ಇರುತ್ತದೆ.

ಕಿರಿದಾದ ದಿಬ್ಬ ಇನ್ನೊಂದು ಕೆಟ್ಟ ಪಾಠವನ್ನೂ ಕಲಿಸುತ್ತದೆ. ಅದರ ಮೇಲೆ ವೇಗವಾಗಿ ಹೋದಾಗ ಗಾಲಿ ಮತ್ತು ಸ್ಪ್ರಿಂಗ್ ಮೇಲಕ್ಕೆ ಚಿಮ್ಮಿ ಕೆಳಗಿಳಿದು ಮುಗಿದಿರುತ್ತದೆ, ಗಾಡಿಯ ಮೈಗೆ ಏಳಲು ಸಮಯವೇ ಸಿಕ್ಕಿರುವುದಿಲ್ಲ. ಹಾಗಾಗಿ ಗಟ್ಟಿ ಸ್ಪ್ರಿಂಗ್‌ನ ದೊಡ್ಡ ಗಾಡಿಯಲ್ಲಿ ಕುಳಿತವನಿಗೆ ನಿಧಾನವಾಗಿ ಹೋದಾಗಿನದಕ್ಕಿಂತ ಜೋರಾಗಿ ಹೋದಾಗಲೇ ಕುಲುಕಾಟ ಕಡಿಮೆ ಅನ್ನಿಸಬಹುದು. ಅಗಲವಾದ ಉಬ್ಬಿನಲ್ಲಿ ಇದು ನಡೆಯುವುದಿಲ್ಲ. ಕಾರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಸಾಮಾನ್ಯವಾಗಿ 2.4ರಿಂದ 2.7 ಮೀಟರ್. ಉಬ್ಬು ಅದಕ್ಕಿಂತ ಅಗಲವಾಗಿದ್ದರೆ ಇಡೀ ಗಾಡಿ ಅದರ ಮೇಲೇರಿ ಇಳಿಯಲೇಬೇಕು, ವೇಗ ಹೆಚ್ಚಿದಷ್ಟೂ ಎತ್ತಿಹಾಕುವುದು ಹೆಚ್ಚು. 25ರಲ್ಲಿ ಬಂದವನಿಗೆ ಸುಖ, 50ರಲ್ಲಿ ಬಂದವನಿಗೆ ಕಷ್ಟ. ವಾಟ್ಸ್ ಪ್ರಯೋಗದ ಸಾರ ಇದೇ. ಕಿರಿದಾದ ದಿಬ್ಬ ಹಾಕಿದವರು ಈ ಸಾರವನ್ನೇ ಕೈಬಿಟ್ಟಿರುತ್ತಾರೆ.

ದ್ವಿಚಕ್ರ ವಾಹನದ ಪಾಡು ಎಲ್ಲಕ್ಕಿಂತ ಕಷ್ಟದ್ದು. ಬೈಕಿನ ಎರಡು ಗಾಲಿಗಳ ನಡುವೆ ಇರುವುದು ಒಂದೂಕಾಲು ಮೀಟರಿನಷ್ಟು ಅಂತರ. ಮುಂದಿನ ಗಾಲಿ ದಿಬ್ಬ ಇಳಿದು ಮುಗಿದ ಮೇಲೆ ಹಿಂದಿನ ಗಾಲಿ ಅದಕ್ಕೆ ಬಡಿಯುತ್ತದೆ. ಹಿಂಬದಿ ಸವಾರರು ಕುಳಿತಿರುವುದು ಆ ಗಾಲಿಯ ಮೇಲೆಯೇ, ಕೆಲವೊಮ್ಮೆ ಅದಕ್ಕೂ ಹಿಂದೆ. ಸೀರೆ ಉಟ್ಟು ಒಂದೇ ಕಡೆಗೆ ಕಾಲು ಇಳಿಬಿಟ್ಟು, ಮಡಿಲಲ್ಲಿ ಕೂಸನ್ನೋ ಚೀಲವನ್ನೋ ಹಿಡಿದು ಕುಳಿತವರಿಗೆ ಹಿಡಿದುಕೊಳ್ಳಲು ಒಂದು ಕೈಯೂ ಬಿಡುವಿರುವುದಿಲ್ಲ. ಆ ಎತ್ತಿಹಾಕುವಿಕೆಗೆ ಅವರು ಹಿಂದಕ್ಕೆ ಬೀಳುತ್ತಾರೆ, ಮೊದಲು ನೆಲಕ್ಕೆ ತಾಗುವುದು ತಲೆಯ ಹಿಂಭಾಗ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರಲ್ಲಿ. ಪಟ್ಟಣದೊಳಗಿನ ಸಣ್ಣ ಓಡಾಟಕ್ಕೆ ಅದನ್ನು ಹಾಕಿಕೊಳ್ಳುವವರು ಈಗಲೂ ವಿರಳ. ಸವಾರ ಬೀಳುವುದಿಲ್ಲ, ಗಾಡಿಗೂ ಏನೂ ಆಗುವುದಿಲ್ಲ, ಹಿಂದೆ ಕುಳಿತವರು ಮಾತ್ರ ಬಿದ್ದಿರುತ್ತಾರೆ. ಹೀಗೆ ಬಿದ್ದ ಪ್ರಕರಣದ ದೂರಿನಲ್ಲಿ ಸಾಮಾನ್ಯವಾಗಿ ಕಾಣುವ ಕಾರಣ 'ಅತಿವೇಗ ಮತ್ತು ನಿಷ್ಕಾಳಜಿತನ'. ಉಬ್ಬಿನ ಎತ್ತರ ಎಷ್ಟಿತ್ತು, ಅದಕ್ಕೆ ಬಣ್ಣ ಇತ್ತೇ, ಮುಂಚೆ ಫಲಕ ಇತ್ತೇ ಎಂಬುದನ್ನು ಸ್ಥಳ ಪಂಚನಾಮೆಯಲ್ಲೇ ಅಳೆದು ಬರೆಯಬೇಕು. ಹಾಗೆ ಬರೆಯದೆ ಹೋದರೆ ಹೊಣೆಯೆಲ್ಲ ಬೈಕ್ ಓಡಿಸುತ್ತಿದ್ದ ಗಂಡನ ಅಥವಾ ಮಗನ ಮೇಲೆ ಬರುತ್ತದೆ.

ಬಸ್ಸಿನಲ್ಲಿ ಹಿಂದಿನ ಗಾಲಿಯಿಂದ ಆಚೆ ಚಾಚಿಕೊಂಡಿರುವ ಭಾಗದಲ್ಲಿ ಕುಳಿತವರು ಮುಂದಿನವರಿಗಿಂತ ಹೆಚ್ಚು ಎತ್ತರಕ್ಕೆ ಚಿಮ್ಮುತ್ತಾರೆ. ಬೆನ್ನುನೋವಿನವರು, ಗರ್ಭಿಣಿಯರು ಕೊನೆಯ ಸೀಟು ಬೇಡ ಎನ್ನುವುದು ಇದಕ್ಕೇ. ಟಂಟಂ ಮತ್ತು ಆಟೊಗಳ ಒಂಟಿ ಮುಂಗಾಲಿ ದಿಬ್ಬವನ್ನು ನೇರವಾಗಿ ಹತ್ತಿದರೆ ಗಾಡಿ ಮುಗ್ಗರಿಸುತ್ತದೆಂದು ಚಾಲಕರು ಓರೆಯಾಗಿ ಹತ್ತಿಸುತ್ತಾರೆ. ತುಂಬಿದ ಗಾಡಿ ಆಗ ಒಂದು ಮಗ್ಗುಲಿಗೆ ವಾಲುತ್ತದೆ. ಕಬ್ಬಿನ ಹಂಗಾಮಿನಲ್ಲಿ ಭಾಲ್ಕಿ ಮತ್ತು ಬೀದರ್ ಸುತ್ತಲಿನ ಸಕ್ಕರೆ ಕಾರ್ಖಾನೆಗಳಿಗೆ ಎರಡೆರಡು ಟ್ರಾಲಿ ಕಟ್ಟಿಕೊಂಡು ಸಾಗುವ ಟ್ರ್ಯಾಕ್ಟರುಗಳದ್ದು ಬೇರೆಯೇ ತೊಂದರೆ. ಟ್ರ್ಯಾಕ್ಟರು ದಿಬ್ಬ ಇಳಿಯುವಾಗ ಮೊದಲ ಟ್ರಾಲಿ ಏರುತ್ತಿರುತ್ತದೆ, ಎರಡನೆಯದು ಇನ್ನೂ ಹಿಂದಿರುತ್ತದೆ. ಕೊಂಡಿಯ ಮೇಲೆ ಎಳೆತ–ತಳ್ಳಾಟ ಒಟ್ಟಿಗೇ ಬೀಳುತ್ತದೆ, ಮೇಲಿನ ಕಬ್ಬಿನ ಜಲ್ಲೆಗಳು ಜಾರಿ ರಸ್ತೆಗೆ ಬೀಳುತ್ತವೆ. ರಾತ್ರಿ ಹಿಂದಿನಿಂದ ಬರುವ ಬೈಕಿಗೆ ದಿಬ್ಬದ ಜತೆಗೆ ಜಾರುವ ಕಬ್ಬೂ ಎದುರಾಗುತ್ತದೆ.

ಆಂಬುಲೆನ್ಸ್ ವಿಷಯದಲ್ಲಿ ಹಾನಿ ಎರಡು ಬಗೆಯದು. ಒಂದು, ಸಮಯ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಅಗ್ನಿಶಾಮಕ ಇಲಾಖೆ 1996ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಅಳತೆಗೆ ಸರಿಯಾಗಿದ್ದ ಉಬ್ಬುಗಳೇ ದೊಡ್ಡ ವಾಹನಗಳನ್ನು ಒಂದೊಂದಕ್ಕೆ 9 ಸೆಕೆಂಡಿನವರೆಗೆ ತಡಮಾಡಿದ್ದವು. ಔರಾದ್‌ನಿಂದಾಗಲಿ ಭಾಲ್ಕಿಯಿಂದಾಗಲಿ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೆ ಸುಮಾರು 40 ಕಿ.ಮೀ. ದಾರಿ. ದಾರಿಯ ಪ್ರತಿ ಊರಿನ ಎರಡೂ ತುದಿಗೆ ಒಂದೊಂದು ದಿಬ್ಬ ಇದ್ದರೆ ಸೆಕೆಂಡುಗಳು ಸೇರಿ ನಿಮಿಷಗಳಾಗುತ್ತವೆ. ಇನ್ನೊಂದು, ಕುಲುಕಾಟ. ಬೆನ್ನುಹುರಿಗೆ ಪೆಟ್ಟಾದವರನ್ನು, ಮೂಳೆ ಮುರಿದವರನ್ನು, ಹೆರಿಗೆ ನೋವಿನಲ್ಲಿರುವವರನ್ನು ಅಲುಗಾಡಿಸದೆ ಸಾಗಿಸಬೇಕು. 2008ರಿಂದ ರಾಜ್ಯದಲ್ಲಿ ಓಡುತ್ತಿರುವ 108 ಸೇವೆಯ ಚಾಲಕರು ಈ ಎರಡರ ನಡುವೆ ಸಿಕ್ಕಿಬೀಳುತ್ತಾರೆ. ಬೇಗ ಮುಟ್ಟಿಸಬೇಕು, ಆದರೆ ಪ್ರತಿ ದಿಬ್ಬದಲ್ಲೂ ಬಹುತೇಕ ನಿಲ್ಲಿಸಿಯೇ ದಾಟಬೇಕು.

ಅಳತೆಯಷ್ಟೇ ಮುಖ್ಯವಾದದ್ದು ಜಾಗ. ಐಆರ್‌ಸಿ-99ರ ಮೂಲ ತತ್ವವೆಂದರೆ ಉಬ್ಬು ಸಣ್ಣ ರಸ್ತೆಯ ವಸ್ತು. ಬಡಾವಣೆಯ ಒಳರಸ್ತೆ, ಶಾಲೆ–ಆಸ್ಪತ್ರೆಗಳ ಪಕ್ಕದ ರಸ್ತೆ, ರೈಲ್ವೆ ಗೇಟಿನ ಮುಂಚಿನ ದಾರಿ, ಹೆದ್ದಾರಿಗೆ ಬಂದು ಸೇರುವ ಹಳ್ಳಿಯ ರಸ್ತೆ, ಇವೇ ಅದರ ಜಾಗಗಳು. ಬೀದರ್–ಔರಾದ್ ರಸ್ತೆಗೆ ಒಂದು ಹಳ್ಳಿಯ ದಾರಿ ಬಂದು ಕೂಡಿದರೆ ಉಬ್ಬು ಬರಬೇಕಾದ್ದು ಹಳ್ಳಿಯ ದಾರಿಯಲ್ಲಿ, ಕೂಡುವ ಜಾಗಕ್ಕಿಂತ ಸುಮಾರು 5 ಮೀಟರ್ ಮುಂಚೆ. ಅಲ್ಲಿಂದ ಬರುವ ಬೈಕು, ಟ್ರ್ಯಾಕ್ಟರು ನಿಂತು ನೋಡಿ ಹೆದ್ದಾರಿಗೆ ಇಳಿಯಲಿ ಎಂಬುದು ಉದ್ದೇಶ. ನಡೆಯುವುದು ಇದಕ್ಕೆ ತದ್ವಿರುದ್ಧ. ಕೂಡುರಸ್ತೆಯಲ್ಲಿ ಒಂದು ಜೀವ ಹೋಗುತ್ತದೆ, ಊರವರು ರಸ್ತೆ ತಡೆ ಮಾಡುತ್ತಾರೆ, ಅಧಿಕಾರಿಗಳು ಬಂದು ಬ್ರೇಕರ್ ಹಾಕಿಸುವ ಮಾತು ಕೊಟ್ಟು ತಡೆ ತೆರವುಗೊಳಿಸುತ್ತಾರೆ. ಆಮೇಲೆ ಯಾವುದೋ ಕಾಮಗಾರಿಯಲ್ಲಿ ಉಳಿದ ಖಡಿ–ಡಾಂಬರು ತಂದು ಮುಖ್ಯ ರಸ್ತೆಗೇ ಅಡ್ಡ ಸುರಿದು ಉರುಳೆ ಓಡಿಸಲಾಗುತ್ತದೆ. ಹಳ್ಳಿಯ ದಾರಿ ಹಾಗೆಯೇ ಉಳಿಯುತ್ತದೆ. ಸಂತಾಪದ ಹೊತ್ತಿನಲ್ಲಿ ಹುಟ್ಟಿದ ಉಬ್ಬನ್ನು ಅಳೆದು ನೋಡುವ ಮನಸ್ಸು ಯಾರಿಗೂ ಇರುವುದಿಲ್ಲ. ಆ ಊರವರ ದುಃಖಕ್ಕೆ ಗೌರವ ಕೊಡುವುದಾದರೆ ಮುಂದಿನ ಸಾವನ್ನು ನಿಜವಾಗಿ ತಡೆಯುವಂಥದ್ದನ್ನು ಕಟ್ಟಿಕೊಡಬೇಕಿತ್ತು.

ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಉಬ್ಬುಗಳನ್ನು ತೆಗೆದುಹಾಕಬೇಕೆಂದು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ 2016ರ ಏಪ್ರಿಲ್‌ನಲ್ಲೇ ಸೂಚಿಸಿದೆ. ಬಸವಕಲ್ಯಾಣ–ಹುಮನಾಬಾದ್ ಮೂಲಕ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಗೆ ಇದು ಹೇಗೆ ಅನ್ವಯಿಸುತ್ತದೋ ಜಿಲ್ಲೆಯ ಇತರ ರಾಷ್ಟ್ರೀಯ ಹೆದ್ದಾರಿಗಳಿಗೂ ಹಾಗೆಯೇ.

ನೆಲದ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೀದರ್ ನಗರ ಕುಳಿತಿರುವುದು ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಮೇಲೆ. ಭಾಲ್ಕಿ, ಔರಾದ್ ಕಡೆ ಇಳಿದರೆ ಕರಿ ಎರೆಭೂಮಿ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಅದರ ಮೇಲಿನ ಡಾಂಬರು ರಸ್ತೆಯೇ ಅಲೆಅಲೆಯಾಗಿ ಏರಿಳಿದಿರುವಾಗ ಹತ್ತು ಸೆಂಟಿಮೀಟರಿನ ಉಬ್ಬು ಒಂದೆರಡು ಮಳೆಗಾಲದಲ್ಲಿ ತನ್ನ ಆಕಾರ ಕಳೆದುಕೊಳ್ಳುತ್ತದೆ. ಉಬ್ಬು ನೀರಿಗೂ ಅಡ್ಡಗಟ್ಟೆ. ಇಳಿಜಾರಿನಲ್ಲಿ ಹರಿದು ಬಂದ ಮಳೆನೀರು ಅದರ ಬುಡದಲ್ಲಿ ನಿಲ್ಲುತ್ತದೆ, ಡಾಂಬರಿನೊಳಗೆ ಇಳಿದು ಖಡಿಯನ್ನು ಸಡಿಲಿಸುತ್ತದೆ. ಅಲ್ಲೇ ಎಲ್ಲ ವಾಹನಗಳೂ ಬ್ರೇಕ್ ಒತ್ತುವುದರಿಂದ ಖಡಿ ಕಿತ್ತುಬಂದು ಗುಂಡಿಯಾಗುತ್ತದೆ. ಆಮೇಲೆ ಸವಾರ ಎದುರಿಸಬೇಕಾದ್ದು ಮೊದಲು ಗುಂಡಿ, ಅದರ ಹಿಂದೆಯೇ ದಿಬ್ಬ, ಇಳಿದ ಮೇಲೆ ಮತ್ತೊಂದು ಗುಂಡಿ. 10 ಸೆಂ.ಮೀ. ಉಬ್ಬಿನ ಬುಡದಲ್ಲಿ ಅಷ್ಟೇ ಆಳದ ಗುಂಡಿ ಬಿದ್ದರೆ ಗಾಲಿ ಏರಬೇಕಾದ ಎತ್ತರ ಎರಡರಷ್ಟಾಯಿತು.

ನೀರು ಹರಿಯಲೆಂದು ಗಟಾರದ ಪಕ್ಕ ಉಬ್ಬಿಗೆ ಒಂದೆರಡಡಿ ಜಾಗ ಬಿಡುವುದುಂಟು. ಬೈಕಿನವರ ಕಣ್ಣು ಹೋಗುವುದು ಆ ಸಂದಿಯ ಮೇಲೆ. ದಿಬ್ಬ ತಪ್ಪಿಸಲು ಅವರು ರಸ್ತೆಯ ಅಂಚಿಗೆ ಸರಿಯುತ್ತಾರೆ, ಅಂಚಿನಲ್ಲಿ ನಡೆದು ಹೋಗುತ್ತಿರುವುದು ಶಾಲೆಯ ಮಕ್ಕಳು. ಮಕ್ಕಳಿಗಾಗಿ ಹಾಕಿದ ಉಬ್ಬೇ ವಾಹನವನ್ನು ಮಕ್ಕಳ ಕಡೆಗೆ ತಿರುಗಿಸುತ್ತದೆ. ಹಳ್ಳಿಗಳ ಕಡೆ ಬಾವಿಯ ನೀರನ್ನು ರಸ್ತೆಯಾಚೆಯ ಹೊಲಕ್ಕೆ ಒಯ್ಯಲು ಅಡ್ಡ ಪೈಪು ಹಾಕಿ ಮೇಲೆ ಮಣ್ಣೋ ಸಿಮೆಂಟೋ ಮುಚ್ಚಿದ ಏರುಗಳೂ, ಪಟ್ಟಣಗಳಲ್ಲಿ ಕುಡಿಯುವ ನೀರು ಮತ್ತು ಒಳಚರಂಡಿ ಕೆಲಸಕ್ಕೆ ಅಗೆದು ಅರ್ಧಂಬರ್ಧ ಮುಚ್ಚಿದ ಪಟ್ಟಿಗಳೂ ಉಬ್ಬಿನ ಸಾಲಿಗೇ ಸೇರುತ್ತವೆ. ಇವು ಯಾವ ಕಡತದಲ್ಲೂ ಇಲ್ಲದ ಉಬ್ಬುಗಳು. ಸಿ.ಸಿ. ರಸ್ತೆಗಳ ಸಮಸ್ಯೆ ಇನ್ನೊಂದು. ನುಣುಪಾದ ಸಿಮೆಂಟಿನ ಮೇಲೆ ಡಾಂಬರಿನ ದಿಬ್ಬ ಅಂಟಿಕೊಳ್ಳುವುದಿಲ್ಲ, ಹೆಂಟೆಹೆಂಟೆಯಾಗಿ ಎದ್ದು ಹಲ್ಲಿನಂಥ ಅಂಚು ಉಳಿಸುತ್ತದೆ. ಮೊಳೆ ಹೊಡೆದು ಕೂರಿಸಿದ ರಬ್ಬರ್ ಪಟ್ಟಿಗಳು ಕಿತ್ತುಹೋದ ಮೇಲೆ ಮೊಳೆಗಳು ರಸ್ತೆಯಲ್ಲಿ ನೆಟ್ಟಗೆ ನಿಂತಿರುತ್ತವೆ.

ಸರಿಯಾದ ಉಬ್ಬೂ ಕಣ್ಣಿಗೆ ಕಾಣದಿದ್ದರೆ ಅಪಾಯವೇ. 40 ಮೀಟರ್ ಮುಂಚೆ ಎಚ್ಚರಿಕೆಯ ಫಲಕ ಇರಬೇಕು, ಉಬ್ಬಿನ ಮೈಗೆ ಕಪ್ಪು–ಬಿಳಿ ಪಟ್ಟೆ ಬಳಿದಿರಬೇಕು, ರಾತ್ರಿ ಬೆಳಕು ಬಿದ್ದರೆ ಹೊಳೆಯುವ ಸ್ಟಡ್‌ಗಳನ್ನು ಕೂರಿಸಿರಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ಸವಾರನಿಗೆ ಫಲಕದಿಂದ ಉಬ್ಬಿನವರೆಗೆ ಸಿಗುವುದು ಮೂರೂವರೆ ಸೆಕೆಂಡು. ನೋಡಿ, ತಿಳಿದು, ಬ್ರೇಕ್ ಹಾಕಲು ಅಷ್ಟು ಸಾಕು. ಫಲಕವೂ ಇಲ್ಲದೆ ಬಣ್ಣವೂ ಮಾಸಿದ್ದರೆ ಡಾಂಬರಿನ ಮೇಲಿನ ಡಾಂಬರು ಕತ್ತಲಲ್ಲಿ ಕಾಣುವುದು ಗಾಲಿ ಬಡಿದ ಮೇಲೆಯೇ. ಬೆಳಿಗ್ಗೆ–ಸಂಜೆ ಅದೇ ದಾರಿಯಲ್ಲಿ ಓಡಾಡುವವರಿಗೆ ದಿಬ್ಬದ ಜಾಗ ಬಾಯಿಪಾಠವಾಗಿರುತ್ತದೆ. ಗುರುನಾನಕ್ ಝೀರಾಕ್ಕೆ ಬರುವ ಯಾತ್ರಿಕರು, ಉದಗೀರ್, ದೇಗಲೂರು, ಜಹೀರಾಬಾದ್ ಕಡೆಯಿಂದ ಗಡಿ ದಾಟಿ ಬರುವವರು ಅದಕ್ಕೆ ಬಲಿಯಾಗುತ್ತಾರೆ.

ವೇಗ ತಗ್ಗಿಸಲು ಉಬ್ಬೊಂದೇ ದಾರಿಯೂ ಅಲ್ಲ. ಬೀದರ್‌ನ ಹಳೆಯ ಊರಿನಲ್ಲಿ ಚೌಬಾರ ನಿಂತಿರುವುದು ನಾಲ್ಕು ದಾರಿ ಕೂಡುವ ನಟ್ಟನಡುವೆ. ಸುಮಾರು 71 ಅಡಿ ಎತ್ತರದ ಆ ಗುಂಡು ಗೋಪುರವನ್ನು ಕಟ್ಟಿದ್ದು ಕಾವಲಿಗೆ. ಇವತ್ತು ಪ್ರತಿ ಬೈಕೂ ಆಟೊವೂ ಅದನ್ನು ಸುತ್ತಿಕೊಂಡೇ ಹೋಗಬೇಕು, ಸುತ್ತಬೇಕಾದರೆ ನಿಧಾನಿಸಲೇಬೇಕು. ಅಲ್ಲಿಂದ ಗವಾನ್ ಮದರಸಾದ ಕಡೆ ಸಾಗುವ ರಸ್ತೆಯ ಇಕ್ಕಟ್ಟೂ ವೇಗವನ್ನು ಹಿಡಿದಿಡುತ್ತದೆ. ಹಳೆಯ ಊರಿನ ಕೋಟೆಗೋಡೆಯಾಚೆ ಬೆಳೆದ ಗುಂಪಾ, ಮೈಲೂರು, ನೌಬಾದ್ ಕಡೆಯ ಬಡಾವಣೆಗಳಲ್ಲಿ ರಸ್ತೆ ಅಗಲ, ನೇರ. ವೇಗಕ್ಕೆ ಆಹ್ವಾನ ಕೊಟ್ಟವರೇ ಆಮೇಲೆ ದಿಬ್ಬ ಹಾಕಿ ತಡೆಯುವಂತಾಗಿದೆ. ಕೂಡುರಸ್ತೆಯಲ್ಲೊಂದು ಸಣ್ಣ ವೃತ್ತ, ಶಾಲೆಯ ಮುಂದೆ ರಸ್ತೆಯನ್ನು ಎರಡೂ ಬದಿಯಿಂದ ಕಿರಿದುಗೊಳಿಸಿ ಕಾಲುದಾರಿ ಅಗಲಿಸುವುದು, ಝೀಬ್ರಾ ಕ್ರಾಸಿಂಗನ್ನೇ ಕಾಲುದಾರಿಯ ಮಟ್ಟಕ್ಕೆ ಎತ್ತಿ ಚಪ್ಪಟೆ ವೇದಿಕೆಯಂತೆ ಕಟ್ಟುವುದು ಇವೆಲ್ಲ 2018ರ ಮಾರ್ಗಸೂಚಿಯ ವ್ಯಾಪ್ತಿಯಲ್ಲೇ ಬರುತ್ತವೆ. ಇವುಗಳಲ್ಲಿ ಎತ್ತಿದ ಕ್ರಾಸಿಂಗ್ ಬೀದರ್, ಭಾಲ್ಕಿ, ಔರಾದ್ ಮೂರಕ್ಕೂ ಹೆಚ್ಚು ಹೊಂದುತ್ತದೆ. ಮಕ್ಕಳು ರಸ್ತೆ ದಾಟುವ ಜಾಗ ಮತ್ತು ವಾಹನ ನಿಧಾನಿಸುವ ಜಾಗ ಅಲ್ಲಿ ಒಂದೇ ಆಗಿರುತ್ತದೆ. ಆಂಬುಲೆನ್ಸ್ ಹೆಚ್ಚು ಓಡುವ ಆಸ್ಪತ್ರೆ ರಸ್ತೆಗಳಿಗೆ ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ತುಂಡು ಉಬ್ಬುಗಳಿವೆ. ಅಗಲ ಗಾಲಿಯಂತರದ ಆಂಬುಲೆನ್ಸ್ ಅವುಗಳ ಎರಡೂ ಮಗ್ಗುಲಿಗೆ ಗಾಲಿ ಹಾಕಿ ದಾಟಿಕೊಳ್ಳುತ್ತದೆ, ಕಾರಿನ ಒಂದು ಬದಿಯ ಗಾಲಿಯಾದರೂ ಮೇಲೇರಲೇಬೇಕು.

ಯಾರ ರಸ್ತೆಯೋ ಅವರ ಹೊಣೆ. ಬೀದರ್‌ನ ಬಡಾವಣೆ ರಸ್ತೆಗಳು ನಗರಾಡಳಿತದವು, ಭಾಲ್ಕಿಯವು ಪುರಸಭೆಯವು, ಔರಾದ್‌ನವು ಪಟ್ಟಣ ಪಂಚಾಯಿತಿಯವು. ಊರೂರು ಜೋಡಿಸುವ ಮುಖ್ಯ ರಸ್ತೆಗಳು ಲೋಕೋಪಯೋಗಿ ಅಥವಾ ಹೆದ್ದಾರಿ ಇಲಾಖೆಗೆ ಸೇರುತ್ತವೆ. ಇವರೆಲ್ಲರನ್ನೂ ಪೊಲೀಸ್ ಮತ್ತು ಸಾರಿಗೆ ಅಧಿಕಾರಿಗಳನ್ನೂ ಒಂದು ಮೇಜಿಗೆ ತರುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಓಣಿಯವರು ತಾವೇ ಮಣ್ಣು, ಸಿಮೆಂಟು ತಂದು ದಿಬ್ಬ ಹಾಕಿಕೊಳ್ಳುವುದಕ್ಕೂ ಅವಕಾಶವಿಲ್ಲ. ಉಬ್ಬು ಬೇಕೆಂಬ ಅರ್ಜಿ ಹೋಗಬೇಕಾದ್ದು ರಸ್ತೆಯ ಒಡೆತನ ಇರುವ ಕಚೇರಿಗೆ. ಆ ಅರ್ಜಿಯಲ್ಲಿ ಐಆರ್‌ಸಿ-99ರ ಅಳತೆ, ಮುನ್ಸೂಚನೆ ಫಲಕ ಮತ್ತು ಬಣ್ಣವನ್ನು ಹೆಸರಿಸಿಯೇ ಕೇಳುವುದು ಒಳ್ಳೆಯದು.

ಈಗಾಗಲೇ ಇರುವ ತಪ್ಪು ಉಬ್ಬುಗಳನ್ನು ಸರಿಪಡಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಎತ್ತರ ಅಳೆಯಲು ಒಂದು ನೇರ ಪಟ್ಟಿ ಮತ್ತು ಟೇಪು ಸಾಕು. ಮುಖ್ಯ ರಸ್ತೆಯಲ್ಲಿ ಇರಬಾರದ ಕಡೆ ಇರುವುದನ್ನು ಪೂರ್ತಿ ಕೆರೆದು ತೆಗೆದು ಮೇಲ್ಮೈಯನ್ನು ಮಟ್ಟಮಾಡಬೇಕು. ಅರ್ಧ ಕೆರೆದು ಬಿಟ್ಟರೆ ಉಳಿಯುವ ಒರಟು ಪಟ್ಟಿ ದಿಬ್ಬಕ್ಕಿಂತ ಕೆಟ್ಟದ್ದು. ಬಡಾವಣೆಯಲ್ಲಿ ಇರಬೇಕಾದ ಕಡೆ ಇರುವ ಕಿರಿದಾದ ದಿಬ್ಬವನ್ನು 10 ಸೆಂಟಿಮೀಟರಿಗೆ ಇಳಿಸಿ, ಹಳೆಯ ಮೇಲ್ಮೈಗೆ ಡಾಂಬರಿನ ಅಂಟು ಲೇಪ ಕೊಟ್ಟು, ಎರಡೂ ಬದಿಗೆ ಚಾಚಿ 3.7 ಮೀಟರಿಗೆ ತರಬೇಕು. ಆಕಾರ ಸರಿಬಂದಿತೇ ಎಂದು ನೋಡಲು ಕಮಾನಿನಾಕಾರಕ್ಕೆ ಕತ್ತರಿಸಿದ ಮರದ ಅಚ್ಚನ್ನು ಅಡ್ಡಲಾಗಿ ಇಟ್ಟು ಪರೀಕ್ಷಿಸಬೇಕು. ಬಣ್ಣ ಮತ್ತು ಫಲಕ ಆ ದಿನವೇ ಆಗಬೇಕು. ಒಂದೇ ಬೀದಿಗೆ ಹಲವು ಉಬ್ಬು ಬೇಕಾದರೆ ಅವುಗಳ ನಡುವೆ 100ರಿಂದ 120 ಮೀಟರ್ ಅಂತರ ಇಡುವುದು ರೂಢಿಯ ಪ್ರಮಾಣ. ಅದಕ್ಕಿಂತ ದೂರವಾದರೆ ನಡುವೆ ವೇಗ ಮತ್ತೆ ಏರುತ್ತದೆ. ಎರೆಭೂಮಿಯ ಮೇಲಿನ ರಸ್ತೆಗಳಲ್ಲಿ ಮಾತ್ರ ಪ್ರತಿ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಅಳೆದು ನೋಡಬೇಕಾಗುತ್ತದೆ.